ಮಾರಿಯೊ ಗಾಲ್ಫ್ ಸೂಪರ್ ರಶ್: ಗಮ್ಮತ್ತು ಉಂಟು, ಆದರೆ ಚೆಂಡು ಬೀಳುವುದನ್ನು ನೋಡಲಿಕ್ಕೇ ಬಿಡುವುದಿಲ್ಲವಲ್ಲ?

ಬಿಜೈ ಮಾಳಿಗೆ · ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ಈ ದಸರಾ ರಜೆಗೆ ನಮ್ಮ ಬಿಜೈ ಮನೆಯಲ್ಲಿ ಒಟ್ಟು ಹನ್ನೊಂದು ಜನ. ಚಿಕ್ಕಮ್ಮನ ಮಕ್ಕಳು ಪುತ್ತೂರಿಂದ, ದೊಡ್ಡಪ್ಪನ ಮೊಮ್ಮಕ್ಕಳು ಮುಂಬೈಯಿಂದ. ರಾತ್ರಿ ಕುದ್ರೋಳಿಗೆ ಹೋಗಿ ಲೈಟಿಂಗ್ ನೋಡಿ ಬರಬಹುದು, ಹಗಲಿಗೆ ಎಂತ ಮಾಡುವುದು? ಮಕ್ಕಳೆಲ್ಲ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದರು. ನೋಡಲಿಕ್ಕಾಗದೆ ನಿಂಟೆಂಡೊ ಸ್ವಿಚ್ ಕನ್ಸೋಲ್‌ಗೆ ಮಾರಿಯೊ ಗಾಲ್ಫ್ ಸೂಪರ್ ರಶ್‌ನ ಕಾರ್ಟ್ರಿಜ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. 2021ರ ಜೂನ್‌ನಲ್ಲಿ ಬಂದ ಗೇಮ್, ಹೊಸತೇನಲ್ಲ.

ಒಳ್ಳೆಯದು ಮೊದಲು ಹೇಳುತ್ತೇನೆ. ಕಲಿಯಲಿಕ್ಕೆ ಐದು ನಿಮಿಷ ಸಾಕು. ಒಂದು ಗುಂಡಿ ಒತ್ತಿದರೆ ಹೊಡೆತದ ಜೋರು ತೋರಿಸುವ ಗೇಜ್ ಮೇಲೆ ಹೋಗುತ್ತದೆ, ಬೇಕಾದಲ್ಲಿ ಇನ್ನೊಮ್ಮೆ ಒತ್ತಿದರೆ ಶಾಟ್. ನಮ್ಮ ಅಜ್ಜಿಗೆ 74 ವರ್ಷ, ಟಿವಿ ರಿಮೋಟ್ ಬಿಟ್ಟು ಬೇರೆ ಏನೂ ಹಿಡಿದವರಲ್ಲ. ಅವರು ಯೋಶಿಯನ್ನು ಆರಿಸಿಕೊಂಡು ಮೂರು ಹೋಲ್ ಆಡಿದರು. ಎರಡನೇ ಹೋಲಿನಲ್ಲಿ ಅವರ ಪಟ್, ಅಂದರೆ ಹತ್ತಿರದಿಂದ ಮೆಲ್ಲ ತಟ್ಟಿದ ಚೆಂಡು, ಗುಂಡಿಯ ಅಂಚಿಗೆ ಹೋಗಿ ಒಂದು ಕ್ಷಣ ನಿಂತ ಹಾಗೆ ಮಾಡಿ ಒಳಗೆ ಬಿತ್ತು. ಹನ್ನೊಂದು ಜನವೂ ಒಟ್ಟಿಗೆ ಹಾಕಿದ ಬೊಬ್ಬೆಗೆ ಆಚೆ ಮನೆಯವರು ಎಂತಾಯಿತು ಅಂತ ಇಣುಕಿ ನೋಡಿದರು.

ತಕರಾರು ಇರುವುದು ಸ್ಪೀಡ್ ಗಾಲ್ಫ್ ಬಗ್ಗೆ. ಗೇಮಿನ ಹೆಸರಲ್ಲೇ ರಶ್ ಉಂಟಲ್ಲ, ಅದನ್ನೇ ಅವರು ಮುಂದೆ ಮಾಡಿದ್ದು. ಎಲ್ಲರೂ ಒಟ್ಟಿಗೆ ಹೊಡೆಯುವುದು, ಹೊಡೆದ ಕೂಡಲೇ ಚೆಂಡಿನ ಹಿಂದೆ ಓಡುವುದು. ನಾನು ಹೊಡೆದ ಶಾಟ್ ಗಾಳಿಯಲ್ಲಿ ಬಾಗಿ ಗ್ರೀನ್‌ಗೆ, ಗುಂಡಿ ಇರುವ ನುಣ್ಣನೆ ಹುಲ್ಲಿಗೆ, ಬೀಳುವುದನ್ನು ನೋಡುವುದೇ ನನಗೆ ಆ ಆಟದ ಸುಖ. ಅದನ್ನು ನೋಡುವ ಮೊದಲೇ ಕ್ಯಾಮೆರಾ ನನ್ನನ್ನು ಓಡಿಸುತ್ತದೆ. ಅಜ್ಜಿಯ ಆ ಪಟ್ ಸ್ಪೀಡ್ ಗಾಲ್ಫಿನಲ್ಲಿ ಆಗಿದ್ದಿದ್ದರೆ ಮನೆಯಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಅವರವರ ಚೆಂಡಿನ ಮೇಲೆ.

ನನಗೆ ಮಾತ್ರ ಹೀಗೆ ಅನಿಸುವುದಾ? ಮತ್ತೆ, ಕೋರ್ಸ್‌ಗಳೆಲ್ಲ, ಅಂದರೆ ಆಡುವ ಮೈದಾನಗಳೆಲ್ಲ, ಬೀಗ ಹಾಕಿಕೊಂಡು ಕೂತಿವೆ, ಅದಕ್ಕೆ ಏನು ಮಾಡುವುದು? ರಜೆ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳೇ ಆಡಲಿಕ್ಕೆ ಇದರಲ್ಲಿ ಏನಾದರೂ ಉಂಟಾ, ಇಲ್ಲದಿದ್ದರೆ ಮಾರಿಬಿಡುವುದಾ? ಹೇಳಿ.

ಸುರತ್ಕಲ್ ಲೈಟ್‌ಹೌಸ್ · 10.41

ಅಕ್ಕ, ಪೂರ್ತಿ ಒಪ್ಪುವುದಿಲ್ಲ. ಗಾಲ್ಫ್ ಅಂದರೆ ಬೇಜಾರು ಅಂತ ಹೇಳುವವರನ್ನು ಕೂರಿಸಿದ್ದೇ ಸ್ಪೀಡ್ ಗಾಲ್ಫ್. ನನ್ನ ತಮ್ಮ ಫುಟ್‌ಬಾಲ್ ಗೇಮ್ ಬಿಟ್ಟು ಬೇರೆ ಮುಟ್ಟುವವನಲ್ಲ. ನಾಲ್ಕು ಜನ ಸರದಿ ಪ್ರಕಾರ ಹೊಡೆಯುವ ಆಟದಲ್ಲಿ ಅವನು ಎರಡನೇ ಹೋಲಿಗೆ ಎದ್ದು ಹೋಗುತ್ತಿದ್ದ. ಓಡುವುದು, ದಾರಿಯಲ್ಲಿ ಹಾರ್ಟ್ ಹೆಕ್ಕಿ ದಮ್ಮು ತುಂಬಿಸಿಕೊಳ್ಳುವುದು, ಡ್ಯಾಶ್ ಮಾಡಿ ಇನ್ನೊಬ್ಬನಿಗೆ ಗುದ್ದುವುದು ಬಂದ ಮೇಲೆ ಕಂಬಳದ ಗದ್ದೆಯ ಬದಿಯಲ್ಲಿ ನಿಂತವರ ಹಾಗೆ ಕೂಗುತ್ತಾನೆ. ಇದೊಂದು ಮೋಡ್ ಇಲ್ಲದಿದ್ದರೆ ಇದು ಹಳೆಯದೇ ಗಾಲ್ಫ್, ಚಿತ್ರ ಮಾತ್ರ ಹೊಸದು.

ಮೂರನೇ ಕ್ಲಿಕ್ · 10.58

ಕಂಬಳಕ್ಕೆ ಹೋಲಿಸಬೇಡಿ ಮಾರಾಯ್ರೆ. ಕಂಬಳದಲ್ಲಿ ಕೋಣ ಓಟ ಮುಗಿಯುವ ಮಂಜೊಟ್ಟಿಗೆ ಮುಟ್ಟುವವರೆಗೆ ಒಬ್ಬನೂ ಕಣ್ಣು ತೆಗೆಯುವುದಿಲ್ಲ. ಅಕ್ಕ ಹೇಳುವುದೂ ಅದನ್ನೇ. ಇಲ್ಲಿ ನೋಡಬೇಕಾದ್ದನ್ನೇ ನೋಡಲಿಕ್ಕೆ ಕೊಡುವುದಿಲ್ಲ.

ನನಗೆ ಅದಕ್ಕಿಂತ ದೊಡ್ಡ ಬೇಸರ ಗೇಜಿನದ್ದು. ಹಳೆಯ ಗಾಲ್ಫ್ ಗೇಮ್‌ಗಳಲ್ಲಿ ಮೂರು ಸಲ ಒತ್ತಬೇಕು. ಒಂದು ಶುರುವಿಗೆ, ಒಂದು ಜೋರಿಗೆ, ಮೂರನೆಯದು ಚೆಂಡಿಗೆ ಬ್ಯಾಟು ಸರಿಯಾಗಿ ತಾಗಲಿಕ್ಕೆ. ಆ ಮೂರನೆಯದರಲ್ಲೇ ಆಟ ಇರುವುದು. ಕೂದಲೆಳೆಯಷ್ಟು ಮೊದಲು ಒತ್ತಿದರೆ ಒಂದು ಬದಿಗೆ, ತಡವಾದರೆ ಇನ್ನೊಂದು ಬದಿಗೆ. ತಪ್ಪಿದರೆ ಅದು ನನ್ನ ಬೆರಳಿನ ತಪ್ಪು, ಒಪ್ಪಿಕೊಳ್ಳಬಹುದು. ಸೂಪರ್ ರಶ್‌ನಲ್ಲಿ ಆ ಮೂರನೇ ಒತ್ತು ಇಲ್ಲ. ಜೋರು ನಿಗದಿ ಮಾಡಿದ ಮೇಲೆ ಗೇಜ್ ತಾನಾಗಿ ಮೇಲೇರುತ್ತದೆ, ಆಗ ಕಂಟ್ರೋಲರಿನ ಕಡ್ಡಿ ತಿರುಗಿಸಿ ಚೆಂಡನ್ನು ಬಾಗಿಸಬಹುದು, ಅಷ್ಟೆ. ಉದ್ದ ಹುಲ್ಲಿಗೋ ಮರಳಿಗೋ ಚೆಂಡು ಹೋದರೆ ಗೇಜಿನ ತುದಿ ಅಗಲವಾಗುತ್ತದೆ, ಅಂದರೆ ಚೆಂಡು ಎತ್ತ ಹೋಗುತ್ತದೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು. ಎಷ್ಟು ಅಭ್ಯಾಸ ಮಾಡಿದರೂ ಆ ಅದೃಷ್ಟವನ್ನು ಬೆರಳಲ್ಲಿ ಗೆಲ್ಲಲಿಕ್ಕಾಗುವುದಿಲ್ಲ.

ಈ ಗೇಮ್ ಮಾಡಿದವರೇ ಕ್ಯಾಮೆಲಾಟ್. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಮೊದಲ ಎವ್ರಿಬಡೀಸ್ ಗಾಲ್ಫ್ ಮಾಡಿದ್ದೂ ಅವರೇ. ಎರಡನೆಯದರಿಂದ ಅದು ಕ್ಲಾಪ್ ಹ್ಯಾಂಜ್ ಅನ್ನುವವರ ಕೈಗೆ ಹೋಯಿತು, ಕ್ಯಾಮೆಲಾಟ್ 1999ರಲ್ಲಿ ಮಾರಿಯೊ ಗಾಲ್ಫ್ ಶುರು ಮಾಡಿತು. ಮೂರು ಒತ್ತಿನ ಮರ್ಮ ಅಷ್ಟು ಚೆನ್ನಾಗಿ ಗೊತ್ತಿದ್ದವರೇ ಅದನ್ನು ಕೈಬಿಟ್ಟರಲ್ಲ ಅನ್ನುವುದೇ ನನಗೆ ನೋವು.

ಸುರತ್ಕಲ್ ಲೈಟ್‌ಹೌಸ್ · 11.05

ಮೂರನೇ ಒತ್ತು ಇದ್ದಿದ್ದರೆ ಅಕ್ಕನ ಅಜ್ಜಿ ಮೂರು ಹೋಲ್ ಆಡುತ್ತಿದ್ದರಾ?

ಮೂರನೇ ಕ್ಲಿಕ್ · 11.09

ಆಡುತ್ತಿದ್ದರು. ಸುಲಭದ್ದು ಒಂದು, ಕಷ್ಟದ್ದು ಒಂದು, ಎರಡೂ ಇಟ್ಟು ಆರಿಸಿಕೊಳ್ಳಿ ಅನ್ನಬಹುದಿತ್ತು. ಒಂದೇ ಇಟ್ಟದ್ದು ತಪ್ಪು.

ಕುಂದಾಪ್ರ ಕಡ್ಲ್ · 11.17

ನಮ್ಮನೆಗೂ ಇದೇ ಕಥಿ ಮರಾಯ್ರೆ. ಮಕ್ಳ್ ಸೇರ್ರೆ ಸ್ಪೀಡ್ ಗಾಲ್ಫೇ ಬೇಕ್ ಅಂತ್ರ್. ನಂಗಂತೂ ಸಮಾಧಾನದಲ್ಲ್ ಆಡುದೇ ಲಾಯ್ಕ್.

ಎಂಡ್‌ಪಾಯಿಂಟ್ ಸಂಜೆ · 11.40

ಮಣಿಪಾಲದಲ್ಲಿ ರೂಮ್ ಮಾಡಿಕೊಂಡಿರುವವನು ನಾನು. ಎರಡು ವರ್ಷದಿಂದ ನಮ್ಮ ರೂಮಿನಲ್ಲಿ ಈ ಗೇಮ್ ಓಡುತ್ತಿದೆ, ಹಾಗಾಗಿ ಒಂದು ತಿದ್ದುಪಡಿ. ಸ್ಪೀಡ್ ಗಾಲ್ಫಿನಲ್ಲಿ ಬರೀ ಓಡಿದರೆ ಗೆಲ್ಲಲಿಕ್ಕಾಗುವುದಿಲ್ಲ. ಪ್ರತಿ ಶಾಟ್‌ಗೆ ನಿಮ್ಮ ಸಮಯಕ್ಕೆ 30 ಸೆಕೆಂಡ್ ಸೇರುತ್ತದೆ. ಮೊದಲು ಮುಟ್ಟಿದವನು ಐದು ಶಾಟ್ ತಿಂದಿದ್ದರೆ, ಹತ್ತು ಸೆಕೆಂಡ್ ತಡವಾಗಿ ಬಂದು ನಾಲ್ಕೇ ಶಾಟಿನಲ್ಲಿ ಮುಗಿಸಿದವನು ಗೆಲ್ಲುತ್ತಾನೆ. ಇದು ಗೊತ್ತಾಗುವವರೆಗೆ ನಾವೂ ಸುಮ್ಮನೆ ಓಡುತ್ತಿದ್ದೆವು. ಗೊತ್ತಾದ ಮೇಲೆ ಪಟ್ ಮಾಡುವಾಗ ಒಬ್ಬರೂ ಮಾತಾಡುವುದಿಲ್ಲ.

ಆದರೆ ಅಕ್ಕನಿಗೆ ನಾನು ಹೇಳುವುದು ಬ್ಯಾಟಲ್ ಗಾಲ್ಫ್. ಒಂದೇ ಸ್ಟೇಡಿಯಂ, ಅದರೊಳಗೆ ಒಂಬತ್ತು ಹೋಲ್. ಯಾವುದಕ್ಕೆ ಬೇಕಾದರೂ ಹೊಡೆಯಬಹುದು, ಹಾಕಿದವರಿಗೆ ಬಾವುಟ ಸಿಗುತ್ತದೆ, ಮೊದಲು ಮೂರು ಬಾವುಟ ತೆಗೆದವರು ಗೆದ್ದರು. ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನೀವು ಗುರಿ ಇಟ್ಟ ಹೋಲನ್ನೇ ಇನ್ನೊಬ್ಬ ಕಣ್ಣ ಮುಂದೆ ಕಿತ್ತುಕೊಳ್ಳುತ್ತಾನೆ, ಆಗ ಹುಟ್ಟುವ ಸಿಟ್ಟೇ ಬೇರೆ. ಯೋಶಿಯ ಸ್ಪೆಷಲ್ ಶಾಟ್ ಹತ್ತಿರದ ಚೆಂಡುಗಳನ್ನು ಮೊಟ್ಟೆ ಮಾಡುತ್ತದೆ, ಮೊಟ್ಟೆ ನೆಟ್ಟಗೆ ಉರುಳುತ್ತದಾ? ಲುಯಿಜಿಯದ್ದು ನೆಲವನ್ನು ಹಿಮಗಟ್ಟಿಸುತ್ತದೆ. ಇದರಿಂದ ನಮ್ಮ ರೂಮಿನಲ್ಲಿ ಒಮ್ಮೆ ಎರಡು ದಿನ ಮಾತು ಬಿಟ್ಟವರಿದ್ದಾರೆ.

ಕೊರತೆ ಏನೆಂದರೆ ಸ್ಟೇಡಿಯಂ ಒಂದೇ ರೀತಿಯದ್ದು. ತಿಂಗಳಲ್ಲಿ ಎಲ್ಲ ಮೂಲೆ ಬಾಯಿಪಾಠ ಆಗುತ್ತದೆ. ಇಷ್ಟು ಒಳ್ಳೆ ಯೋಚನೆಗೆ ಇನ್ನೂ ನಾಲ್ಕೈದು ಜಾಗ ಕೊಡಬೇಕಿತ್ತು.

ಬಿಜೈ ಮಾಳಿಗೆ · ಮಧ್ಯಾಹ್ನ 12.15

30 ಸೆಕೆಂಡಿನ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ಪುತ್ತೂರಿನ ಹುಡುಗ ಪ್ರತಿ ಸಲ ಮೊದಲು ಓಡಿಹೋಗಿ ಮುಟ್ಟಿಯೂ ಮೂರನೇ ಸ್ಥಾನ ಯಾಕೆ ಅಂತ ಅಳುತ್ತಿದ್ದ. ಈಗ ಅವನಿಗೆ ಹೇಳಿದೆ, ಮುಖ ಅರಳಿತು.

ಬ್ಯಾಟಲ್ ಗಾಲ್ಫ್ ಸಂಜೆ ನೋಡುತ್ತೇವೆ. ಅಜ್ಜಿಗೆ ಅದು ಆಗಲಿಕ್ಕಿಲ್ಲ, ಓಡುವುದು ಅಂದರೆ ಎರಡು ಕೈಯಲ್ಲೂ ಕೆಲಸ.

ಪಿಲಿಕುಳದ ಭಾನುವಾರ · 12.48

ಗೇಮ್ ಬಗ್ಗೆ ನನಗೆ ತಿಳಿದದ್ದು ಕಡಿಮೆ, ಮಗಳು ಆಡುವಾಗ ಪಕ್ಕದಲ್ಲಿ ಕೂತವನು. ಆದರೆ ಪಿಲಿಕುಳದ ಗಾಲ್ಫ್ ಮೈದಾನದಲ್ಲಿ ಕೆಲವು ವರ್ಷದಿಂದ ಭಾನುವಾರ ಬೆಳಿಗ್ಗೆ ಆಡುತ್ತೇನೆ, ಆ ಕಡೆಯಿಂದ ಎರಡು ಮಾತು.

ನಿಜವಾದ ಗಾಲ್ಫಿನಲ್ಲಿ ಹೊಡೆಯುವುದಕ್ಕಿಂತ ಜಾಸ್ತಿ ಹೊತ್ತು ನೋಡುವುದರಲ್ಲಿ ಹೋಗುತ್ತದೆ. ಗಾಳಿ ಎತ್ತಲಿಂದ, ನೆಲ ಎಷ್ಟು ಇಳಿದಿದೆ, ಹುಲ್ಲು ಒದ್ದೆಯಾ ಒಣಗಿದೆಯಾ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ದಾಟಿದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಬೆಳಿಗ್ಗೆ ಹೊಡೆದ ಲೆಕ್ಕ ಸಂಜೆಗೆ ಹಿಡಿಯುವುದಿಲ್ಲ. ಮಳೆ ಬಂದು ನಿಂತ ಗ್ರೀನ್ ಮೇಲೆ ಚೆಂಡು ಉರುಳುವುದೇ ಇಲ್ಲ, ಒಣ ನೆಲಕ್ಕೆ ಹೊಡೆಯುವುದಕ್ಕಿಂತ ಗಟ್ಟಿ ಹೊಡೆಯಬೇಕು. ಈ ಕಾರ್ಟೂನ್ ಗೇಮಿನಲ್ಲಿ ಇದೆಲ್ಲ ಇರುವುದು ನೋಡಿ ನನಗೆ ಆಶ್ಚರ್ಯ. ರೇಂಜ್ ಫೈಂಡರ್ ಅಂತ ಒಂದುಂಟು, ಅದನ್ನು ಬಳಸಿದರೆ ದೂರದ ನೆಲ ಎಷ್ಟು ಎತ್ತರ, ಎಷ್ಟು ತಗ್ಗು ಅಂತ ತಿಳಿಯುತ್ತದೆ. ಗೇಮಿನಲ್ಲಿ ಒಂದು ಮಳೆಯ ಕಾಡಿನ ಕೋರ್ಸ್ ಉಂಟು, ಅಲ್ಲಿ ಚೆಂಡನ್ನು ತುಂಬ ಎತ್ತರಕ್ಕೆ ಹೊಡೆದರೆ ಸಿಡಿಲು ಬಡಿಯುತ್ತದೆ. ಮಗಳು ಅದನ್ನು ತಮಾಷೆ ಅಂದುಕೊಂಡಿದ್ದಳು. ಗುಡುಗು ಕೇಳಿದರೆ ಮೈದಾನ ಬಿಟ್ಟು ಬರಬೇಕು ಅನ್ನುವುದು ನಿಜವಾದ ಗಾಲ್ಫಿನ ಮೊದಲ ಪಾಠ ಅಂತ ಹೇಳಿಕೊಟ್ಟೆ.

ಕಳೆದ ತಿಂಗಳು ಅವಳನ್ನು ಕರೆದುಕೊಂಡು ಹೋದೆ. ಹೊಡೆಯಲಿಕ್ಕೆ ಅವಳಿಗೆ ಬರುವುದಿಲ್ಲ, ಕೈಯಲ್ಲಿ ಬಲ ಇಲ್ಲ. ಆದರೆ ಗ್ರೀನ್ ಮೇಲೆ ಕುಕ್ಕರುಗಾಲಲ್ಲಿ ಕೂತು, "ಪಪ್ಪಾ, ಇದು ಎಡಕ್ಕೆ ಇಳಿಯುತ್ತದೆ, ಬಲಕ್ಕೆ ಗುರಿ ಇಡಿ" ಅಂದಳು. ನಾನು ನೆಟ್ಟಗೆ ಹೊಡೆಯುವವನಿದ್ದೆ. ಅವಳ ಮಾತು ಸರಿ ಇತ್ತು. ಹತ್ತು ವರ್ಷದ ಮಗುವಿಗೆ ಅದನ್ನು ಕಲಿಸಿದ್ದು ಆ ಗೇಮ್. ಹಾಗಾಗಿ ಅದೃಷ್ಟದ ಆಟ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚೆಂಡು ಉದ್ದ ಹುಲ್ಲಿಗೆ ಹೋದರೆ ಮೈದಾನದಲ್ಲೂ ಅದೃಷ್ಟವೇ. ಹುಲ್ಲು ಬ್ಯಾಟನ್ನು ಹಿಡಿದುಕೊಳ್ಳುತ್ತದೆ, ಎತ್ತ ಹಾರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಹುಲ್ಲಿಗೆ ಹೋಗದ ಹಾಗೆ ಹೊಡೆಯುವುದೇ ಕಲೆ.

ಮೂರನೇ ಕ್ಲಿಕ್ · 1.10

ಅಣ್ಣ, ನಿಮ್ಮ ಮಾತಿಗೆ ಎದುರಾಡಲಿಕ್ಕೆ ಕಷ್ಟ. ಹುಲ್ಲಿನ ವಿಷಯ ಹಾಗೆ ಯೋಚಿಸಿರಲಿಲ್ಲ. ಆದರೂ ಒಂದು ಪ್ರಶ್ನೆ. ಒಳ್ಳೆ ನೆಲದಲ್ಲಿ, ಗಾಳಿ ಇಲ್ಲದಾಗ, ನಿಮ್ಮ ಕೈ ತಪ್ಪಿದರೆ ಚೆಂಡು ತಪ್ಪುತ್ತದೆ ಅಲ್ವಾ? ಆ ಕೈತಪ್ಪು ಗೇಮಿನಲ್ಲಿ ಇಲ್ಲ. ಅದೇ ನನ್ನ ವಾದ.

ಪಿಲಿಕುಳದ ಭಾನುವಾರ · 1.22

ಅದು ಹೌದು. ಅದು ನಿಜವಾಗಿಯೂ ಕೊರತೆಯೇ.

ಗಡ್‌ಬಡ್ ಎರಡು ಸ್ಪೂನ್ · 1.35

ಸ್ವಿಚ್‌ನ ಸಣ್ಣ ಕಂಟ್ರೋಲರ್ ಜಾಯ್-ಕಾನ್ ಕೈಯಲ್ಲಿ ಹಿಡಿದು ನಿಜವಾಗಿಯೂ ಬೀಸುವುದು ಯಾರಾದರೂ ಪ್ರಯತ್ನ ಮಾಡಿದ್ದೀರಾ? ನನ್ನ ಗಂಡ ಮತ್ತು ಭಾವ ಇಬ್ಬರೂ ಉಡುಪಿಯ ನಮ್ಮ ಹಳೇ ಮನೆಯ ಚಾವಡಿಯಲ್ಲಿ ನಿಂತು ಬೀಸಿದರು. ಮಾಡು ತಗ್ಗು. ಭಾವನ ಕೈ ಹೋಗಿ ತೂಗುದೀಪಕ್ಕೆ ತಾಗಿತು, ಎಣ್ಣೆ ಎಲ್ಲ ನೆಲಕ್ಕೆ. ಅತ್ತೆ ಒಂದು ವಾರ ಆಟ ಬಂದ್ ಮಾಡಿಸಿದರು. ಆಡುವವರು ಅಂಗಳಕ್ಕೆ ಟಿವಿ ತಿರುಗಿಸಿ ಆಡಿ, ಕೈಗೆ ಪಟ್ಟಿ ಕಟ್ಟಿಕೊಳ್ಳದೆ ಮಾತ್ರ ಬೀಸಬೇಡಿ.

ಬೀಸುವುದರಲ್ಲಿ ಗಮ್ಮತ್ತು ಉಂಟು, ನಿಖರತೆ ಇಲ್ಲ. ಉದ್ದ ಶಾಟ್‌ಗೆ ಸರಿ, ಮೆಲ್ಲ ತಟ್ಟುವ ಪಟ್‌ಗೆ ಬರುವುದೇ ಇಲ್ಲ. ಮೆಲ್ಲ ತಟ್ಟಿದರೆ ತಟ್ಟಿದ್ದೇ ಗೊತ್ತಾಗದ ಹಾಗೆ ಇರುತ್ತದೆ, ಸ್ವಲ್ಪ ಜೋರು ಮಾಡಿದರೆ ಗ್ರೀನ್ ದಾಟಿ ಆಚೆ. ಆದರೆ ನನ್ನ ಮಾವ, ಗಂಡನ ಅಪ್ಪ, ಬೀಸುವ ಆಟ ನೋಡಿದ ಕೂಡಲೇ ಎದ್ದು ಬಂದು, "ಇದು ನಮ್ಮ ಕುಟ್ಟಿದೊಣ್ಣೆ ಅಲ್ವಾ" ಅಂತ ಕೇಳಿದರು. ಅವರ ಕೈ ತಿರುಗಿದ ರೀತಿ ನೋಡಿದರೆ ಐವತ್ತು ವರ್ಷದ ಹಿಂದೆ ಗದ್ದೆಯಲ್ಲಿ ಆಡಿದ್ದು ಇನ್ನೂ ಮಣಿಕಟ್ಟಿನಲ್ಲಿ ಉಳಿದಿತ್ತು.

ಸುರತ್ಕಲ್ ಲೈಟ್‌ಹೌಸ್ · 1.44

ಕುಟ್ಟಿದೊಣ್ಣೆ! ಕೊಯ್ಲು ಮುಗಿದ ಗದ್ದೆ, ಕಾಲಿಗೆ ಚುಚ್ಚುವ ಕೂಳೆ. ಕುಟ್ಟಿ ಹಣೆಗೆ ತಾಗಿದ ಗಾಯ ನನಗೆ ಈಗಲೂ ಉಂಟು.

ಕುಂದಾಪ್ರ ಕಡ್ಲ್ · 1.50

ನಮ್ಮ್ ಬದಿಯಂಗೆ ಚಿನ್ನಿದಾಂಡು ಅಂತ್ರ್. ಹಿಡುಕ್ ಬಂದವ್ನ್ ಮಂಡೆ ಒಡುದ್ದೇ ಜಾಸ್ತಿ. ಈಗಿನ್ ಮಕ್ಳಿಗೆ ಆಡುಕೆ ಗದ್ದೆಯೇ ಇಲ್ಲೆ.

ಹಳೇ ಗೇಮ್‌ಬಾಯ್ · 2.30

ಗದ್ದೆಯಿಂದ ಗಾಲ್ಫಿಗೆ ಬರುವ. ಅಕ್ಕ ಕೇಳಿದ ಮುಖ್ಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಒಬ್ಬರೇ ಆಡಲಿಕ್ಕೆ ಏನು ಉಂಟು ಅಂತ.

ಗಾಲ್ಫ್ ಅಡ್ವೆಂಚರ್ ಅಂತ ಒಂದು ಕಥೆ ಉಂಟು. ನಿಮ್ಮದೇ ಮುಖದ ಬೊಂಬೆ ಮಾಡಿಕೊಂಡು ಹೊಸಬರಾಗಿ ಸೇರುತ್ತೀರಿ, ಪರೀಕ್ಷೆ ಪಾಸಾಗಿ ಮುಂದೆ ಹೋಗುತ್ತೀರಿ. ಶುರು ಬಹಳ ಚಂದ. ರಿಡ್ಜ್‌ರಾಕ್ ಲೇಕ್‌ನಲ್ಲಿ ಹೋಲ್‌ಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಆಡಬಹುದಾದ ಒಂದು ಆಟ ಬರುತ್ತದೆ. ಸುಳಿಗಾಳಿಗೆ ಸಿಕ್ಕಿಕೊಂಡು ಬಂಡೆಯ ಮೇಲಕ್ಕೆ ಹಾರುವುದು, ಇಷ್ಟು ಶಾಟಿನೊಳಗೆ ಇಷ್ಟು ಹೋಲ್ ಮುಗಿಸಬೇಕು ಅಂತ ನಕ್ಷೆ ನೋಡಿ ಲೆಕ್ಕ ಹಾಕುವುದು. ನನಗೆ ಇಡೀ ಗೇಮಿನಲ್ಲಿ ಇಷ್ಟವಾದ ಜಾಗ ಅದು. ಇಡೀ ಕಥೆಯನ್ನೇ ಹಾಗೆ ಮಾಡಿದ್ದರೆ ಇವತ್ತಿಗೂ ಆಡುತ್ತಿದ್ದೆ. ಆದರೆ ಕಥೆ ಮುಂದೆ ಹೋದ ಹಾಗೆ ಗಾಲ್ಫ್ ಬಿಟ್ಟು ರಾಕ್ಷಸರ ಜೊತೆ ಹೊಡೆದಾಟಕ್ಕೆ ಇಳಿಯುತ್ತದೆ, ಮತ್ತೆ ಹಠಾತ್ ಮುಗಿದುಬಿಡುತ್ತದೆ. ಎರಡು ವಾರಾಂತ್ಯಕ್ಕೆ ಸಾಕು, ಅದಕ್ಕಿಂತ ಹೆಚ್ಚಿಲ್ಲ.

ಆಡುವುದಾದರೆ ಒಂದು ಎಚ್ಚರಿಕೆ. ಲೆವೆಲ್ ಏರಿದಾಗ ಸಿಗುವ ಪಾಯಿಂಟನ್ನೆಲ್ಲ ಪವರ್‌ಗೇ ಸುರಿಯಬೇಡಿ. ಪವರ್ ಏರಿದರೆ ಕಂಟ್ರೋಲ್ ಇಳಿಯುತ್ತದೆ. ನಾನು ಮೊದಲ ಸಲ ಹಾಗೆ ಮಾಡಿ, ದೂರ ಹೋಗುವ ಆದರೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದ ಶಾಟ್ ಇಟ್ಟುಕೊಂಡು ಬಹಳ ಒದ್ದಾಡಿದೆ.

1999ರಲ್ಲೇ ಗೇಮ್‌ಬಾಯ್ ಕಲರ್‌ಗೆ ಬಂದ ಮಾರಿಯೊ ಗಾಲ್ಫ್‌ನಲ್ಲಿ ಇದಕ್ಕಿಂತ ಒಳ್ಳೆಯ ಒಂಟಿ ಆಟ ಇತ್ತು. ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗಿ, ಅಲ್ಲಿನ ಚಾಂಪಿಯನ್ನನ್ನು ಸೋಲಿಸಿ, ಮೆಲ್ಲ ಮೆಲ್ಲ ಬೆಳೆಯುವುದು. ಆ ಸಣ್ಣ ಪರದೆಯಲ್ಲಿ ಅಷ್ಟು ಮಾಡಿದವರು ಇಪ್ಪತ್ತೆರಡು ವರ್ಷ ಕಳೆದು ಇದನ್ನು ಅರ್ಧಕ್ಕೆ ಬಿಟ್ಟರು. ಆ ಗೇಮ್‌ಬಾಯ್ ಆಟ 2024ರ ಮಾರ್ಚ್‌ನಿಂದ ಸ್ವಿಚ್ ಆನ್‌ಲೈನ್ ಚಂದಾ ಇದ್ದವರಿಗೆ ಸಿಗುತ್ತದೆ. 1999ರ ನಿಂಟೆಂಡೊ 64ರದ್ದೂ 2022ರ ಏಪ್ರಿಲ್‌ನಲ್ಲಿ ಬಂತು, ಆದರೆ ಅದಕ್ಕೆ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಅನ್ನುವ ಹೆಚ್ಚಿನ ಚಂದಾ ಬೇಕು. ಮೂರನೇ ಒತ್ತು ಬೇಕಾದವರಿಗೆ ಅದೇ ಮದ್ದು.

ಎಂಡ್‌ಪಾಯಿಂಟ್ ಸಂಜೆ · 2.47

ಒಂಟಿಯಾಗಿ ಆಡಲಿಕ್ಕೆ ಗಾಲ್ಫ್ ಸ್ಟೋರಿ ನೋಡಿ. 2017ರದ್ದು, ಸ್ವಿಚ್‌ಗೇ ಉಂಟು. ಕ್ಯಾಮೆಲಾಟಿನ ಆ ಹಳೇ ಗೇಮ್‌ಬಾಯ್ ಆಟದ ರುಚಿ ಪೂರ್ತಿ ಅದರಲ್ಲಿ ಸಿಗುತ್ತದೆ. ಮೂರು ಒತ್ತಿನ ಗೇಜ್ ಕೂಡಾ.

ಮೂರನೇ ಕ್ಲಿಕ್ · 2.55

ಮೂರು ಒತ್ತಿನ ಗೇಜ್ ಎಲ್ಲಿಂದ ಬಂತು ಗೊತ್ತುಂಟಾ? 1984ರಲ್ಲಿ ತನ್ನ ಹಳೇ ಕನ್ಸೋಲ್ ಫ್ಯಾಮಿಕಾಮ್‌ಗೆ ನಿಂಟೆಂಡೊ ಒಂದು ಗಾಲ್ಫ್ ಗೇಮ್ ಮಾಡಿತು, ಹೆಸರೇ ಗಾಲ್ಫ್. ಅದರ ಪ್ರೋಗ್ರಾಮಿಂಗ್ ಮಾಡಿದ್ದು ಸಟೊರು ಇವಾಟಾ, ಮುಂದೆ ಆ ಕಂಪನಿಯ ಅಧ್ಯಕ್ಷರೇ ಆದವರು. ಆ ಸಣ್ಣ ಕಾರ್ಟ್ರಿಜ್‌ನೊಳಗೆ 18 ಹೋಲ್ ಹಿಡಿಸಿದ್ದರು. ಅವರು 2015ರ ಜುಲೈ 11ರಂದು ತೀರಿಕೊಂಡರು. 2017ರಲ್ಲಿ ಸ್ವಿಚ್ ಬಂದಾಗ ಅದರೊಳಗೆ ಈ ಹಳೇ ಗಾಲ್ಫ್ ಅಡಗಿಸಿಟ್ಟದ್ದನ್ನು ಜನ ಪತ್ತೆ ಮಾಡಿದರು. ಜುಲೈ 11ರಂದು, ಅವರು ವೀಡಿಯೊಗಳಲ್ಲಿ ಎರಡೂ ಕೈ ಮುಂದೆ ಚಾಚುತ್ತಿದ್ದ ಹಾಗೆ ಜಾಯ್-ಕಾನ್ ಹಿಡಿದು ಚಾಚಿದರೆ ಆಟ ತೆರೆಯುತ್ತಿತ್ತು. ಮುಂದೊಂದು ಅಪ್‌ಡೇಟ್‌ನಲ್ಲಿ ಅದನ್ನು ತೆಗೆದರು. ನನಗೆ ಇದನ್ನು ಓದಿದಾಗ ಗಂಟಲು ಕಟ್ಟಿತ್ತು. ಗೇಜ್ ಬಗ್ಗೆ ನಾನು ಇಷ್ಟು ಜಗಳ ಮಾಡುವುದು ಅದಕ್ಕೇ. ಅದು ಬರೀ ಒಂದು ಗುಂಡಿಯ ವಿಷಯ ಅಲ್ಲ.

ಗಡ್‌ಬಡ್ ಎರಡು ಸ್ಪೂನ್ · 3.02

ಇದು ಗೊತ್ತಿರಲಿಲ್ಲ. ಬರೆದದ್ದಕ್ಕೆ ಥ್ಯಾಂಕ್ಸ್.

ಕಾರ್ಟ್ರಿಜ್ ಡಬ್ಬಿ · 3.20

ಬೀಗದ ವಿಷಯ. ಎಲ್ಲ ಕೋರ್ಸ್ ಮೊದಲೇ ತೆರೆದಿರುವುದಿಲ್ಲ. ಎರಡು ದಾರಿ ಉಂಟು, ಅಡ್ವೆಂಚರ್ ಆಡುತ್ತ ಹೋಗುವುದು ಅಥವಾ ಈಗ ತೆರೆದಿರುವ ಕೋರ್ಸಿನಲ್ಲಿ 18 ಹೋಲ್ ಪೂರ್ತಿ ಮುಗಿಸುವುದು. ಮುಗಿಸಿದರೆ ಮುಂದಿನದ್ದು ತೆರೆಯುತ್ತದೆ. ನೆಂಟರು ಬರುವ ಹಿಂದಿನ ದಿನ ಒಬ್ಬರೇ ಕೂತು ಮಾಡಿಡಬೇಕಾದ ಕೆಲಸ ಇದು. ಮನೆ ತುಂಬ ಜನ ಸೇರಿದ ಮೇಲೆ ರೂಕಿ ಕೋರ್ಸ್ ಒಂದನ್ನೇ ತೋರಿಸುವುದು ಗೇಮಿನ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಪಾರ್ಟಿ ಗೇಮ್ ಅಂದ ಮೇಲೆ ಮೊದಲ ದಿನವೇ ಎಲ್ಲ ಬಾಗಿಲು ತೆರೆದಿರಬೇಕು.

ಮತ್ತೆ, ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಅಂದಿರಲ್ಲ, ನೆಟ್‌ಗೆ ಸೇರಿಸಿ ಅಪ್‌ಡೇಟ್ ಹಾಕಿದ್ದೀರಾ? ಬಿಡುಗಡೆಯ ದಿನ ಆರೇ ಕೋರ್ಸ್, 16 ಆಟಗಾರರು. ಜನ ಬೈದದ್ದು ಅದಕ್ಕೇ. 2021ರಲ್ಲೇ ಮೂರು ದೊಡ್ಡ ಅಪ್‌ಡೇಟ್ ಉಚಿತವಾಗಿ ಕೊಟ್ಟರು. ನ್ಯೂ ಡಾಂಕ್ ಸಿಟಿ ಅಂತ ಕಟ್ಟಡಗಳ ನಡುವೆ ಆಡುವ ಕೋರ್ಸ್ ಬಂತು, ಟೋಡೆಟ್, ಕೂಪಾ ಟ್ರೂಪಾ, ನಿಂಜಿ, ವಿಗ್ಲರ್, ಶೈ ಗೈ ಬಂದರು, ಟಾರ್ಗೆಟ್ ಗಾಲ್ಫ್ ಬಂತು. ಅಪ್‌ಡೇಟ್ ಇಲ್ಲದೆ ಆಡಿದರೆ ಅರ್ಧ ಗೇಮ್ ಆಡಿದ ಹಾಗೆ.

ಬಿಜೈ ಮಾಳಿಗೆ · 3.31

ಹಾಕಿರಲಿಲ್ಲ! ಈಗ ಹಾಕಲಿಕ್ಕೆ ಇಟ್ಟಿದ್ದೇನೆ. ಮಕ್ಕಳು ಟಿವಿ ಮುಂದೆ ಸಾಲಾಗಿ ಕೂತು ಶೇಕಡಾ ಎಷ್ಟಾಯಿತು ಅಂತ ಲೆಕ್ಕ ಹಾಕುತ್ತಿದ್ದಾರೆ.

ಮಲ್ಪೆ ಬೋಟು · 4.05

ಇದನ್ನು ಹೊಸತು ಎಲ್ಲಿಂದ ತೆಗೆದುಕೊಳ್ಳುವುದು? ನಮ್ಮ ದೇಶಕ್ಕೆ ಅವರ ಈ-ಶಾಪ್ ಇಲ್ಲವಲ್ಲ.

ಕಾರ್ಟ್ರಿಜ್ ಡಬ್ಬಿ · 4.12

ಹೊರಗಿಂದ ತರಿಸುವ ಅಂಗಡಿಗಳಲ್ಲಿ ಕಾರ್ಟ್ರಿಜ್ ಸಿಗುತ್ತದೆ. ಸ್ವಿಚ್‌ಗೆ ದೇಶದ ಬೀಗ ಇಲ್ಲ, ಜಪಾನಿನದ್ದೂ ಅಮೆರಿಕದ್ದೂ ಓಡುತ್ತದೆ. ಗಲ್ಫ್‌ನಿಂದ ಬರುವ ನೆಂಟರಿದ್ದರೆ ಅವರಿಗೆ ಹೇಳಿ, ನಮ್ಮೂರಿನ ಅರ್ಧ ಕಾರ್ಟ್ರಿಜ್ ಹಾಗೇ ಬಂದದ್ದು. ಅಮೆರಿಕದಲ್ಲಿ ಇದರ ಬೆಲೆ 60 ಡಾಲರ್ ಹತ್ತಿರ. ಒಬ್ಬರೇ ಆಡುವುದಾದರೆ ಆ ದುಡ್ಡು ಕೊಡಬೇಡಿ, ಸೆಕೆಂಡ್ ಹ್ಯಾಂಡ್ ನೋಡಿ. ವಾರಕ್ಕೊಮ್ಮೆ ಮೂರು ನಾಲ್ಕು ಜನ ಸೇರುವ ಮನೆಯಾದರೆ ಧಾರಾಳ ತೆಗೆದುಕೊಳ್ಳಿ.

ಮೂರನೇ ಕ್ಲಿಕ್ · 4.20

ಈಗ ಹೊಸತು ತೆಗೆದುಕೊಳ್ಳುವವರು 2025ರಲ್ಲಿ ಬಂದ ಎವ್ರಿಬಡೀಸ್ ಗಾಲ್ಫ್ ಹಾಟ್ ಶಾಟ್ಸ್ ಕೂಡ ನೋಡಿ. ಮೊದಲು ಆ ಸರಣಿ ಪ್ಲೇಸ್ಟೇಷನ್ ಇದ್ದವರಿಗೇ ಅನ್ನುವ ಹಾಗಿತ್ತು, ಇದು ಸ್ವಿಚ್‌ಗೂ ಕಂಪ್ಯೂಟರಿನ ಸ್ಟೀಮ್‌ಗೂ ಬಂದಿದೆ. ಅದೂ ಕಾರ್ಟೂನೇ, ಆದರೆ ಗೇಜ್ ಹಳೆಯದು. ಬೆರಳಿಗೆ ಕೆಲಸ ಉಂಟು.

ಸುರತ್ಕಲ್ ಲೈಟ್‌ಹೌಸ್ · 4.26

ಅದರಲ್ಲಿ ಓಡಲಿಕ್ಕಿಲ್ಲ, ನಮ್ಮ ತಮ್ಮನಿಗೆ ಆಗಲಿಕ್ಕಿಲ್ಲ. ಅವರವರ ಮನೆಗೆ ಅವರವರ ಆಟ.

ಪಿಲಿಕುಳದ ಭಾನುವಾರ · 4.50

ಬಿಜೈಯವರಿಗೆ ಒಂದು ಸಲಹೆ. ಅಜ್ಜಿ ಆಡುವಾಗ ಓಡದೆ ಸರದಿಯಲ್ಲಿ ಹೊಡೆಯುವ ಸ್ಟ್ಯಾಂಡರ್ಡ್ ಗಾಲ್ಫ್ ಇಡಿ, ಮೂರೇ ಹೋಲ್. 18 ಇಟ್ಟರೆ ಹಿರಿಯರಿಗೂ ದಣಿವು, ಸರದಿ ಕಾಯುವ ಮಕ್ಕಳಿಗೂ ಉದಾಸೀನ. ಮತ್ತೆ ಎರಡೆರಡು ಜನರ ಜೋಡಿ ಮಾಡಿ. ಒಬ್ಬರು ಹೊಡೆಯುವುದು, ಇನ್ನೊಬ್ಬರು ಗಾಳಿ, ಇಳಿಜಾರು ನೋಡಿ ಹೇಳುವುದು. ಮೈದಾನದಲ್ಲಿ ಕ್ಯಾಡಿ ಮಾಡುವ ಕೆಲಸ ಅದು. ಆಗ ಸರದಿ ಇಲ್ಲದವರೂ ಆಟದಲ್ಲೇ ಇರುತ್ತಾರೆ, ಮೊಬೈಲ್ ಕಡೆ ಕೈ ಹೋಗುವುದಿಲ್ಲ.

ಬಿಜೈ ಮಾಳಿಗೆ · ರಾತ್ರಿ 9.35

ಆಡಿಯಾಯಿತು. ಮೊದಲು ಬ್ಯಾಟಲ್ ಗಾಲ್ಫ್, ಮಕ್ಕಳಿಗೆ. ಮುಂಬೈಯವಳು ಎರಡು ಬಾವುಟ ತೆಗೆದು ಮೂರನೆಯದಕ್ಕೆ ಗುರಿ ಇಟ್ಟಾಗ ಪುತ್ತೂರಿನ ಹುಡುಗ ಬಂದು ಅದೇ ಹೋಲಿಗೆ ಹಾಕಿದ. ಎಂಡ್‌ಪಾಯಿಂಟಿನವರು ಹೇಳಿದ ಸಿಟ್ಟು ಕಣ್ಣಾರೆ ನೋಡಿದೆ. ಊಟಕ್ಕೆ ಕೂರುವವರೆಗೆ ಇಬ್ಬರೂ ಮುಖ ನೋಡಲಿಲ್ಲ, ನೀರುದೋಸೆ ಬಂದ ಮೇಲೆ ಸರಿಯಾದರು.

ಆಮೇಲೆ ಪಿಲಿಕುಳದ ಅಣ್ಣ ಹೇಳಿದ ಹಾಗೆ ಜೋಡಿ ಮಾಡಿದೆವು, ನಾಲ್ಕು ಜೋಡಿ, ಮೂರು ಹೋಲ್. ಅಜ್ಜಿ ಹೊಡೆಯುವುದು, ಪುತ್ತೂರಿನವನು ನೆಲ ನೋಡುವುದು. ಕೊನೆಯ ಹೋಲಿನಲ್ಲಿ ಅವನು ಬಲಕ್ಕೆ ಅಂದ, ಅಜ್ಜಿ ಎಡಕ್ಕೆ ಅಂದರು. "ಬೆಟ್ಟು ಗದ್ದೆಗೆ ನೀರು ಕಟ್ಟಿದವಳು ನಾನು, ಇಳಿಜಾರು ನನಗೆ ಹೇಳಿಕೊಡಬೇಡ ಮಗಾ" ಅಂತ ಎಡಕ್ಕೇ ಹೊಡೆದರು. ಚೆಂಡು ಉರುಳುತ್ತ ಉರುಳುತ್ತ ಹೋಗುವಾಗ ಮನೆಯಲ್ಲಿ ಫ್ಯಾನಿನ ಶಬ್ದ ಬಿಟ್ಟರೆ ಬೇರೆ ಶಬ್ದ ಇಲ್ಲ. ಗುಂಡಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಹುಡುಗ ಹೇಳಿದ್ದೇ ಸರಿ ಇತ್ತು. ಅಜ್ಜಿ ಅವನ ತಲೆ ಸವರಿ, ಇನ್ನೊಮ್ಮೆ ಆಡುವ ಅಂದರು.

ಮಾರುವುದಿಲ್ಲ, ಇಟ್ಟುಕೊಳ್ಳುತ್ತೇನೆ. ಸ್ಪೀಡ್ ಗಾಲ್ಫ್ ಬಗ್ಗೆ ನನ್ನ ಮಾತು ಮಾತ್ರ ಬದಲಾಗಲಿಲ್ಲ. ಓಡಿದಾಗ ಈ ಒಂದು ನಿಮಿಷ ಸಿಗುತ್ತಿರಲಿಲ್ಲ.

ಅಜ್ಜಿಗೆ ಈಗ ಹೊಸ ಪ್ರಶ್ನೆ. ಮುಂಬೈಯವಳ ಚೆಂಡು ನೆಲಕ್ಕೆ ಬಿದ್ದು ಹಿಂದಕ್ಕೆ ಬಂತಂತೆ, ಅದು ಯಾವ ಗುಂಡಿ ಅಂತ ಕೇಳುತ್ತಿದ್ದಾರೆ. ಅವಳು ಹೇಳಿಕೊಡುವುದಿಲ್ಲವಂತೆ.

ಎಂಡ್‌ಪಾಯಿಂಟ್ ಸಂಜೆ · 9.41

ಜೋರು ನಿಗದಿ ಮಾಡುವಾಗ ಎ ಬದಲು ಬಿ ಒತ್ತಲಿಕ್ಕೆ ಹೇಳಿ ಅಕ್ಕ.

ಬಿಜೈ ಮಾಳಿಗೆ · 9.58

ಹೇಳಿದೆ. ಮಲಗಲಿಕ್ಕೆ ಹೋದವರು ಎದ್ದು ಬಂದಿದ್ದಾರೆ.

ಮಲ್ಪೆ ಬೋಟು · 10.10

ಯಾರಲ್ಲಾದರೂ ಒಂದು ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಇದ್ದರೆ ಹೇಳಿ. ಉಡುಪಿ ಬಸ್‌ಸ್ಟ್ಯಾಂಡ್ ಹತ್ತಿರ ಬಂದು ತೆಗೆದುಕೊಳ್ಳುತ್ತೇನೆ.